ನಾಲ್ಕು ನಕ್ಷತ್ರದ ರಸ್ತೆ

ಗಂಜಿ ಹಾಕಿದ ಬಟ್ಟೆಯ ವಾಸನೆ ನನಗೆ ಆಗಿಬರುವುದಿಲ್ಲ. ಚಳ್ಳಕೆರೆಯ ನಮ್ಮ ಮನೆಯಲ್ಲಿ ಅವ್ವ ಭಾನುವಾರಕ್ಕೊಮ್ಮೆ ತನ್ನ ಹತ್ತಿ ಸೀರೆಗಳನ್ನು ಅನ್ನದ ಗಂಜಿಯಲ್ಲಿ ಅದ್ದಿ ಹಿಂಡುತ್ತಾಳೆ. ಆ ಹೊತ್ತಿಗೆ ನಾನು ಏನಾದರೊಂದು ನೆಪ ತೆಗೆದು ಅಂಗಡಿಗೋ ಬಸ್‌ಸ್ಟ್ಯಾಂಡಿಗೋ ಹೊರಟುಬಿಡುತ್ತೇನೆ. "ಗಂಜಿ ವಾಸ್ನೆಗೆ ಮೂಗು ಮುಚ್ಕೊಂತಾಳೆ ನೋಡು, ಅರಮನೇಲಿ ಹುಟ್ಟಿದೋಳು" ಎಂದು ಅವ್ವ ಗೊಣಗುತ್ತಾಳೆ. ಅವಳಿಗೆ ಕಾರಣ ಹೇಳಿಲ್ಲ. ಹೇಳಿದರೆ ಅವಳು ಗಂಜಿ ಹಾಕುವುದನ್ನೇ ಬಿಟ್ಟುಬಿಡುತ್ತಾಳೆ, ಅದೂ ನನ್ನ ತಲೆಯ ಮೇಲೆ ಬರುತ್ತದೆ.

ಮೂರು ಚಳಿಗಾಲಗಳ ಹಿಂದೆ ನಾನು ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಹೆದ್ದಾರಿಗಳಿಗೆ ನಕ್ಷತ್ರ ಕೊಡುವ ಕೆಲಸದಲ್ಲಿದ್ದೆ. ಹೀಗೆಂದರೆ ಕೆಲವರು ಜಾತಕ ತರಲಾ ಎಂದು ಕೇಳುತ್ತಾರೆ. ಕೆಲಸ ಅಷ್ಟು ಸ್ವಾರಸ್ಯದ್ದಲ್ಲ. ಕಾರಿನ ನೆತ್ತಿಗೆ ಕ್ಯಾಮೆರಾ ಕಟ್ಟಿಕೊಂಡು ರಸ್ತೆಯುದ್ದಕ್ಕೂ ಹೋಗುವುದು, ಆಮೇಲೆ ಆ ಚಿತ್ರಗಳನ್ನು ನೂರು ನೂರು ಮೀಟರಿನ ಲೆಕ್ಕದಲ್ಲಿ ನೋಡಿ ಫಾರಂ ತುಂಬುವುದು. ತಿರುವು ಎಷ್ಟು ಕಡಿದು, ಹುಣಸೆಮರ ಡಾಂಬರಿಗೆ ಎಷ್ಟು ಹತ್ತಿರ, ಮೋರಿಗೆ ತಡೆಗೋಡೆ ಇದೆಯೇ, ಅಂಚಿನಲ್ಲಿ ಜನ ನಡೆಯುತ್ತಾರೆಯೇ. ಎಲ್ಲ ಕೂಡಿ ಒಂದರಿಂದ ಐದರವರೆಗೆ ನಕ್ಷತ್ರ. ಒಂದು ಬಂದರೆ ಆ ರಸ್ತೆ ಜೀವಕ್ಕೆ ಅಪಾಯ, ಐದು ಬಂದರೆ ಭಯವಿಲ್ಲ. ಒಂದೋ ಎರಡೋ ಬಂದ ಕಡೆಗೆ ಹಂಪ್, ಕಂಬಿ, ದೀಪ, ಫಲಕ ಹಾಕಲು ಪಟ್ಟಿ ತಯಾರಾಗುತ್ತದೆ. ಮೂರು ದಾಟಿದ ರಸ್ತೆಯನ್ನು ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಈ ಕೊನೆಯ ಮಾತನ್ನು ಇಲ್ಲಿ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಹೇಳಲೇಬೇಕಾಗಿದ್ದ ಜಾಗದಲ್ಲಿ ಹೇಳಲಿಲ್ಲ.

ನಮ್ಮ ಕಾರು ಓಡಿಸುತ್ತಿದ್ದವರು ರಹಮತ್ತಣ್ಣ. ಇಪ್ಪತ್ತು ವರ್ಷ ಶೇಂಗಾ ಎಣ್ಣೆಯ ಲಾರಿ ಓಡಿಸಿ, ಸೊಂಟ ಹಿಡಿದುಕೊಂಡ ಮೇಲೆ ಕಾರಿಗೆ ಇಳಿದವರು. ಕ್ಯಾಮೆರಾಕ್ಕೆ ಕಾಣದ ಎಷ್ಟೋ ಸಂಗತಿ ಅವರ ಬಾಯಲ್ಲಿ ಇರುತ್ತಿತ್ತು. "ಈ ಮೋರಿ ಹತ್ರ ನಮ್ ದೋಸ್ತ್ ಒಬ್ನು ಹೋದ, ಬರ್ಕೊಳ್ಳಿ ಮೇಡಂ." "ಅದಕ್ಕೆ ಫಾರಂನಲ್ಲಿ ಜಾಗ ಇಲ್ಲ ರಹಮತ್ತಣ್ಣ." "ಸತ್ತೋರಿಗೆ ಜಾಗ ಇಲ್ಲ, ಹುಣಸೆಮರಕ್ಕೆ ಐತೆ. ಬಹುತ್ ಅಚ್ಛಾ." ನಿಜ, ನಮ್ಮ ಫಾರಂ ರಸ್ತೆ ಹೇಗಿದೆ ಎಂದು ಮಾತ್ರ ಕೇಳುತ್ತಿತ್ತು, ಅಲ್ಲಿ ಏನಾಯಿತು ಎಂದು ಕೇಳುತ್ತಿರಲಿಲ್ಲ.

ಆ ವರ್ಷ ಧನುರ್ಮಾಸದ ಚಳಿ ಜೋರಾಗಿತ್ತು. ದೊಡ್ಡಉಳ್ಳಾರ್ತಿ ಕಡೆಯ ಕಾವಲಿನ ಹುಲ್ಲುಬಯಲಿನಿಂದ ಬೀಸುವ ಗಾಳಿಗೆ ತುಟಿ ಒಡೆದು ರಕ್ತ ಬರುತ್ತಿತ್ತು. ಶೇಂಗಾ ಕಿತ್ತ ಹೊಲಗಳು ಬೋಳಾಗಿ ಬಿದ್ದಿದ್ದವು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗುವುದು ಬಿಟ್ಟರೆ ಮೈಲಿಗಟ್ಟಲೆ ಅಲುಗಾಡುವಂಥದ್ದು ಏನೂ ಕಾಣುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೊರಟು ಬಿಸಿಲು ಇಳಿಯುವಷ್ಟರಲ್ಲಿ ಮರಳುತ್ತಿದ್ದೆವು, ಏಕೆಂದರೆ ಕ್ಯಾಮೆರಾಕ್ಕೆ ಒಳ್ಳೆಯ ಬೆಳಕು ಬೇಕು. ಆ ಹೊತ್ತಿಗೆ ನಮ್ಮ ಹಳ್ಳಿಗಳ ಜನ ರಸ್ತೆ ಬಿಟ್ಟು ಹೊಲ ಸೇರಿರುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದವಳು ನಾನು.

ಕೆಲವು ಜಾಗಗಳಲ್ಲಿ ಮಾತ್ರ ಕಾರಿನಿಂದ ಇಳಿದು ಜನರನ್ನು ಎಣಿಸಬೇಕಿತ್ತು. ಅಂಗೈಯಲ್ಲಿ ಹಿಡಿಯುವ ಪುಟ್ಟ ಡಬ್ಬಿ, ಒತ್ತಿದರೆ ಟಿಕ್ ಎಂದು ಒಂದು ಅಂಕಿ ಏರುತ್ತದೆ. ಹದಿನೈದು ನಿಮಿಷದಲ್ಲಿ ಎಷ್ಟು ಜನ ಅಂಚಿನಲ್ಲಿ ನಡೆದರು, ಎಷ್ಟು ಜನ ದಾಟಿದರು ಅಂತ. ಜನ ಹೆಚ್ಚಿದ್ದಷ್ಟೂ ನಕ್ಷತ್ರ ಇಳಿಯುತ್ತದೆ. ಒಬ್ಬನೇ ಹತ್ತು ಸಲ ಹೋದರೂ ಹತ್ತು ಎಂದೇ ಎಣಿಸಬೇಕು. "ಹಂಗಾದ್ರೆ ನಮ್ಮ ಮಾವನ್ನ ತಂದು ನಿಲ್ಲಿಸ್ತೀನಿ ಮೇಡಂ, ಬೀಡಿಗೆ ಅಂತ ಗಂಟೆಗೆ ಇಪ್ಪತ್ ಸಲ ರೋಡ್ ದಾಟ್ತಾನೆ" ಎಂದು ರಹಮತ್ತಣ್ಣ ನಗುತ್ತಿದ್ದರು.

ಒಂದು ದಿನ ಮೊಳಕಾಲ್ಮುರಿನಲ್ಲಿ ಬೇಗ ಸೇರಬೇಕಾದ ಕೆಲಸವಿತ್ತು, ಇನ್ನೂ ಮಬ್ಬು ಹರಿಯುವ ಮುಂಚೆ ಹೊರಟೆವು. ಕೊಂಡ್ಲಹಳ್ಳಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ರಹಮತ್ತಣ್ಣ "ಯಾ ಅಲ್ಲಾ" ಎಂದು ಬ್ರೇಕ್ ಒತ್ತಿದರು. ರಸ್ತೆಯ ಅಂಚಿನಲ್ಲಿ, ಬಿಳಿ ಗೆರೆಯ ಪಕ್ಕದ ಡಾಂಬರಿನ ಮೇಲೆ, ಎದೆಯ ಎತ್ತರಕ್ಕೆ ಅರಿಶಿನ ಬಣ್ಣದ ರೇಷ್ಮೆ ಎಳೆಗಳು ಬಿಗಿದು ನಿಂತಿದ್ದವು. ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತು ಹೆಜ್ಜೆಗೂ ಹೆಚ್ಚು. ನಡುನಡುವೆ ಬಿದಿರಿನ ಕಾಲುಗಳು. ಎರಡೂ ಪಕ್ಕ ಏಳೆಂಟು ಜನ ನಿಂತು ಎಳೆಗಳಿಗೆ ಗಂಜಿ ಸವರುತ್ತಿದ್ದರು. ಹಿಂದೆಯೇ ಇನ್ನೊಂದು ಹಾಸು, ಹಸಿರು ಬಣ್ಣದ್ದು.

ಹಾಸು ಎಂದರೆ ಸೀರೆಯ ಉದ್ದಕ್ಕೆ ಬರುವ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ನೀಳವಾಗಿ ಬಿಗಿದು, ತೆಳು ಗಂಜಿ ಸವರಿ, ತುಂಡಾದ ಎಳೆಗಳನ್ನು ಹುಡುಕಿ ಕಟ್ಟಬೇಕು. ಬಿಸಿಲೇರಿದರೆ ಗಂಜಿ ಒಣಗಿ ಎಳೆ ಅಂಟಿಕೊಳ್ಳುತ್ತದೆ, ಗಾಳಿ ಎದ್ದರೆ ಗೋಜಲು. ಹಾಗಾಗಿ ಬೆಳಕು ಹರಿಯುವ ಆ ಒಂದು ಗಂಟೆಯೇ ಬೇಕು. ಇದನ್ನೆಲ್ಲ ನನಗೆ ಹೇಳಿದವರು ವೆಂಕಟಸ್ವಾಮಪ್ಪ, ರಸ್ತೆ ಪಕ್ಕದ ನೇಕಾರರ ಕಾಲೊನಿಯ ಹಿರಿಯರು. ಮನೆಮಾತು ತೆಲುಗು, ನಮ್ಮೊಡನೆ ಮಾತ್ರ ಕನ್ನಡ. ಕಾರು ನಿಂತಿದ್ದು ನೋಡಿ ಬೈಯಲು ಬಂದವರೇನೋ ಎಂದು ಓಡಿಬಂದಿದ್ದರು. ಹಾಗಲ್ಲ ಎಂದು ತಿಳಿದ ಮೇಲೆ ಟೀ ತರಿಸಿದರು.

"ಮೊದ್ಲು ಬೀದ್ಯಾಗೆ ಹಾಕ್ತಿದ್ವಿ ತಾಯಿ. ಅಲ್ಲೀಗ ಚರಂಡಿ ಬಂತು, ನಲ್ಲಿ ಬಂತು, ಬೈಕ್ ನಿಂತವೆ, ನೆಟ್ಟಗೆ ಇಪ್ಪತ್ ಹೆಜ್ಜೆ ಜಾಗ ಇಲ್ಲ. ಈ ರೋಡು ಅಗಲ ಮಾಡಿದ್ರಲ್ಲ, ಅಂಚು ನೋಡ್ರಿ ಎಂಗೈತೆ! ಮನೆ ನೆಲ ಇದ್ದಂಗೈತೆ. ನಮಗೋಸ್ಕರಾನೇ ಮಾಡ್ದಂಗೈತೆ."

ನಾನು ಅವರ ಸೊಸೆಯನ್ನು ನೋಡುತ್ತಿದ್ದೆ. ಪದ್ಮಕ್ಕ ಎಂದು ಹೆಸರು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ತುಂಡಾದ ಎಳೆ ಕಟ್ಟುವ ಕೆಲಸ ಅವಳದು. ಹಾಸಿನ ಒಂದು ತುದಿಯಿಂದ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಬರುತ್ತಿದ್ದಳು, ಕಣ್ಣು ಎಳೆಗಳ ಮೇಲೆ, ಬೆನ್ನು ಚಳ್ಳಕೆರೆಯಿಂದ ಬರುವ ಲಾರಿಗಳ ಕಡೆ. ತುಂಡು ಸಿಕ್ಕಿದ ತಕ್ಷಣ ಬೆರಳ ತುದಿಗೆ ಬೂದಿ ಹಚ್ಚಿಕೊಂಡು ಎರಡು ಎಳೆ ಸೇರಿಸಿ ಒಮ್ಮೆ ಹೊಸೆದರೆ ಮುಗಿಯಿತು, ಗಂಟು ಎಲ್ಲಿದೆಯೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ಒಂದು ಬಸ್ಸು ಅವಳ ಬೆನ್ನಿಗೆ ಗಾಳಿ ಹೊಡೆದುಕೊಂಡು ಹೋಯಿತು. ಸೀರೆಯ ಸೆರಗು ಹಾರಿತು. ಅವಳು ತಲೆ ಎತ್ತಲಿಲ್ಲ.

"ಭಯ ಆಗಲ್ವಾ ಅಕ್ಕಾ?" ಎಂದೆ.

"ಬಸ್ಸಿನ ಕಡೆ ನೋಡಿದ್ರೆ ಎಳೆ ತಪ್ತದೆ. ಬಸ್ಸಿನೋನು ನನ್ನ ನೋಡ್ತಾನೆ ಬಿಡ್ರಿ" ಎಂದಳು. ಆಮೇಲೆ ನನ್ನ ದುಪಟ್ಟಾದ ಅಂಚು ಬಿಚ್ಚಿಕೊಂಡಿದ್ದು ಕಂಡು ನಕ್ಕಳು. "ಓದಿದೋರು ಇಂಥಾದು ಹಾಕ್ಕೊಂತೀರಾ?" ಎನ್ನುತ್ತ ಅದನ್ನೂ ಬೂದಿಯ ಬೆರಳಿನಿಂದ ಹೊಸೆದು ಬಿಟ್ಟಳು. ಅದು ಈಗಲೂ ಬಿಚ್ಚಿಕೊಂಡಿಲ್ಲ.

ಸಂಜೆ ಆ ಜಾಗದ ಚಿತ್ರಗಳನ್ನು ತೆರೆದು ನೋಡಿದೆ. ಹಿಂದಿನ ವಾರ ಅವನ್ನು ತೆಗೆದಾಗ ನಮ್ಮ ಕಾರು ಆ ಜಾಗ ದಾಟಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಅಗಲವಾದ, ಖಾಲಿಯಾದ, ನುಣ್ಣನೆ ಅಂಚು. ನಮ್ಮ ಫಾರಂಗೆ ಇದಕ್ಕಿಂತ ಚೆಂದದ ಅಂಚು ಇಲ್ಲ. ನಾನು ಚಿತ್ರದುರ್ಗದಲ್ಲಿದ್ದ ಹಿರಿಯ ಇಂಜಿನಿಯರಿಗೆ ಫೋನ್ ಮಾಡಿ, ಅಲ್ಲಿ ಬೆಳಗಿನ ಜಾವ ಎಣಿಸದಿದ್ದರೆ ತಪ್ಪು ನಕ್ಷತ್ರ ಬೀಳುತ್ತದೆ ಎಂದು ವಾದ ಮಾಡಿದೆ. ಅವರು ಮೊದಲು ಒಪ್ಪಲಿಲ್ಲ. ಮೂರನೇ ಸಲ ಫೋನ್ ಮಾಡಿದಾಗ, "ನಿನ್ನ ಕಾಟ ತಪ್ಪಲ್ಲ. ಶುಕ್ರವಾರ ನಾನೇ ಬರ್ತೀನಿ, ಒಂದು ಸಲ ಎಣಿಸಿಬಿಡೋಣ" ಎಂದರು. ಅಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗುರುವಾರ ಸಂಜೆ ಮೊಳಕಾಲ್ಮುರಿನಿಂದ ಮರಳುವಾಗ ಕಾಲೊನಿಯ ಹತ್ತಿರ ಕಾರು ನಿಲ್ಲಿಸಿದೆ. ವೆಂಕಟಸ್ವಾಮಪ್ಪ ಜಗಲಿಯ ಮೇಲೆ ಕೂತಿದ್ದರು. "ಯಜಮಾನ್ರೆ, ನಾಳೆ ಬೆಳಿಗ್ಗೆ ನಮ್ಮ ದೊಡ್ಡ ಸಾಹೇಬ್ರು ಬರ್ತಾರೆ. ನಿಮ್ಮೂರ ರಸ್ತೆಗೆ ಮಾರ್ಕ್ಸ್ ಕೊಡೋಕೆ. ಎಲ್ಲ ದಿನದ ಥರಾನೇ ಇರಲಿ" ಎಂದೆ. ಕಾರು ಚಾಲೂ ಇತ್ತು, ಕತ್ತಲಾಗುತ್ತಿತ್ತು, ನನಗೆ ಮನೆ ಸೇರುವ ಆತುರ. ಅವರು ಎದ್ದು ನಿಂತು, "ಆಗ್ಲಿ ತಾಯಿ, ನೀವೇನೂ ಯೋಚ್ನೆ ಮಾಡ್ಬ್ಯಾಡ್ರಿ" ಎಂದು ಕೈಮುಗಿದರು. ಮಾರ್ಕ್ಸ್ ಹೆಚ್ಚು ಬಂದರೆ ಒಳ್ಳೆಯದೋ ಕಡಿಮೆ ಬಂದರೆ ಒಳ್ಳೆಯದೋ ಎಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ, ಮಾರ್ಕ್ಸ್ ಎಂದ ಮೇಲೆ ಕೇಳುವುದೇನಿದೆ.

ಶುಕ್ರವಾರ ಆರೂವರೆಗೆ ನಾವು ಹೋದಾಗ ರಸ್ತೆಯ ಅಂಚು ಗುಡಿಸಿ, ನೀರು ಚಿಮುಕಿಸಿ ಇಟ್ಟಿತ್ತು. ಕಾಲೊನಿಯ ತಿರುವಿನಲ್ಲಿ ಎರಡು ಮಾರು ರಂಗೋಲಿ. ಹಾಸು ಇಲ್ಲ, ಬಿದಿರಿನ ಕಾಲಿಲ್ಲ, ಗಂಜಿಯ ಪಾತ್ರೆ ಇಲ್ಲ. ನರಪಿಳ್ಳೆ ಇಲ್ಲ. ವೆಂಕಟಸ್ವಾಮಪ್ಪ ಒಬ್ಬರೇ ಒಗೆದ ಪಂಚೆ, ಹೆಗಲ ಮೇಲೆ ಜರಿಯಂಚಿನ ಶಲ್ಯ ಹಾಕಿಕೊಂಡು, ರಸ್ತೆಯಿಂದ ದೂರ, ಮನೆಯ ಗೋಡೆಗೆ ಅಂಟಿಕೊಂಡಂತೆ ನಿಂತಿದ್ದರು.

ಹತ್ತಿರ ಹೋಗಿ, "ಯಜಮಾನ್ರೆ, ಹಾಸು ಯಾಕೆ ಹಾಕಿಲ್ಲ?" ಎಂದೆ. ಅವರು ನನ್ನ ಹಿಂದಿದ್ದ ಇಂಜಿನಿಯರ್ ಸಾಹೇಬರ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿ, ಮಾನ ಕಾಪಾಡುತ್ತೇನೆ ಸುಮ್ಮನಿರು ಎನ್ನುವ ಹಾಗೆ ಸಣ್ಣಗೆ ಕಣ್ಣು ಮಿಟುಕಿಸಿದರು.

"ಹಾಸಾ? ಅಯ್ಯೋ ಇಲ್ರೀ ಸಾಹೇಬ್ರೆ, ನಮ್ಮೋರು ಯಾರೂ ರೋಡ್ ಮ್ಯಾಲೆ ಕಾಲಿಡಲ್ಲ. ಹುಡುಗ್ರು ಸೈತ ಇತ್ತ ಬರಲ್ಲ. ಬೇಕಿದ್ರೆ ಎಷ್ಟು ಹೊತ್ತಾದ್ರೂ ನಿಂತು ನೋಡ್ರಿ."

ನಾವು ನಿಂತು ನೋಡಿದೆವು. ಹದಿನೈದು ನಿಮಿಷ. ಮುಚ್ಚಿದ ಬಾಗಿಲುಗಳ ಹಿಂದೆ ಒಂದು ಮಗು ಅತ್ತಿತು, ಯಾರೋ ತೆಲುಗಿನಲ್ಲಿ "ಊರ್ಕೊ, ಊರ್ಕೊ" ಎಂದು ಸುಮ್ಮನಾಗಿಸಿದರು. ಒಂದು ಕಿಟಕಿಯಲ್ಲಿ ಪದ್ಮಕ್ಕ ಕಂಡಳು. ನನ್ನನ್ನು ನೋಡಿ, ಎಲ್ಲ ಸರಿಯಾಗಿದೆಯಲ್ಲ ಎಂಬಂತೆ ತಲೆ ಆಡಿಸಿ ನಕ್ಕಳು. ಇಡೀ ಕಾಲೊನಿ ಒಂದು ಬೆಳಗಿನ ದುಡಿಮೆ ಬಿಟ್ಟು ನಮಗೋಸ್ಕರ ಅಡಗಿ ಕೂತಿತ್ತು.

"ಸೊನ್ನೆ" ಎಂದರು ಸಾಹೇಬರು.

"ಸರ್, ಇವರು ಬೇಕಂತಲೇ..."

"ಕಂಡಿದ್ದು ಬರಿ. ನಾಳೆ ಮೇಲಿನವರು ಬಂದು ಕೇಳಿದರೆ ಕಿಟಕಿಯೊಳಗಿದ್ದರು ಅಂತ ಹೇಳ್ತೀಯಾ? ನೀನು ಹೇಳಿಕೊಟ್ಟು ಜನ ನಿಲ್ಲಿಸಿದೆ ಅಂತ ಅನ್ನಲ್ವಾ?"

ಅವರು ಕೆಟ್ಟವರಲ್ಲ. ನಾನು ಅಲ್ಲೇ, ಅವರೆದುರೇ ವೆಂಕಟಸ್ವಾಮಪ್ಪನವರಿಗೆ ಬಿಡಿಸಿ ಹೇಳಬಹುದಿತ್ತು. ಹೇಳಿದರೆ ಹಿರಿಯ ಜೀವ ಒಬ್ಬ ಅಧಿಕಾರಿಯ ಮುಂದೆ ಸುಳ್ಳುಗಾರನಾಗುತ್ತಿತ್ತು. ಹೀಗೆಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೂ ನನ್ನ ಗುತ್ತಿಗೆ ಕೆಲಸದ ಭಯವಿತ್ತು. ಫಾರಂನಲ್ಲಿ ಸೊನ್ನೆ ಬರೆದೆ.

ಸಂಕ್ರಾಂತಿಯ ಮಾರನೇ ವಾರ ಫಲಿತಾಂಶ ಬಂತು. ಅದೇ ದಿನ ವೆಂಕಟಸ್ವಾಮಪ್ಪನವರ ಫೋನೂ ಬಂತು, ರಹಮತ್ತಣ್ಣನ ಹತ್ತಿರ ನನ್ನ ನಂಬರ್ ಇಸಿದುಕೊಂಡಿದ್ದರಂತೆ. "ಎಷ್ಟು ಬಂತು ತಾಯಿ?"

"ನಾಲ್ಕು" ಎಂದೆ.

"ಐದಕ್ಕೆ ನಾಕಾ!" ಅವರ ದನಿಯಲ್ಲಿ ಮೊಮ್ಮಗ ಪಾಸಾದಷ್ಟು ಸಂತೋಷ. ಫೋನಿನಿಂದ ಬಾಯಿ ತಿರುಗಿಸಿ ಮನೆಯವರಿಗೆ ತೆಲುಗಿನಲ್ಲಿ ಕೂಗಿ ಹೇಳಿದರು. ಹಿಂದಿನಿಂದ ಪದ್ಮಕ್ಕನ ದನಿ, ನನಗೆ ತಿಳಿಯಲೆಂದೇ ಕನ್ನಡದಲ್ಲಿ, ಕೇಳಿಸಿತು, "ಅಡಗಿದ್ದಕ್ಕೆ ಸಾರ್ಥಕ ಆಯ್ತು ಅಂತ ಹೇಳು ಮಾವಾ."

ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ. "ಯಜಮಾನ್ರೆ, ಹಾಸು ಹಾಕೋವಾಗ ಸ್ವಲ್ಪ ಹುಷಾರು" ಎಂದಷ್ಟೇ ಬಂತು. "ಇನ್ನೇನು ಹುಷಾರು ತಾಯಿ, ನಾಕು ಸ್ಟಾರಿನ ರೋಡು!" ಎಂದು ನಕ್ಕರು. ಮುಂದಿನ ವಾರ ಹೋಗಿ ಕೂತು ವಿವರವಾಗಿ ಹೇಳೋಣ ಎಂದುಕೊಂಡೆ. ಮುಂದಿನ ವಾರ ಹಿರಿಯೂರಿನ ಕಡೆ ಕೆಲಸ ಬಂತು. ಅದರ ಮುಂದಿನ ವಾರ ಜ್ವರ.

ಶಿವರಾತ್ರಿಗೆ ಇನ್ನೂ ಹತ್ತು ದಿನವಿದ್ದಾಗ ಒಂದು ಬೆಳಿಗ್ಗೆ ರಹಮತ್ತಣ್ಣ ಮನೆಗೇ ಬಂದರು. ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತರು. "ಮೇಡಂ, ಆ ಹಾಸಿನ ಅಮ್ಮ ಹೋದ್ಲು" ಎಂದರು. ಟೊಮೆಟೊ ತುಂಬಿಕೊಂಡು ರಾತ್ರಿಯಿಡೀ ಓಡಿಸಿದ್ದ ಪಿಕಪ್ ಗಾಡಿಯವನಿಗೆ ಒಂದು ಗಳಿಗೆ ಕಣ್ಣು ಮುಚ್ಚಿತ್ತಂತೆ. ಗಾಡಿ ಬಿಳಿ ಗೆರೆ ದಾಟಿ ಅಂಚಿಗೆ ಬಂದಿತ್ತು. ಉಳಿದವರು ಕೂಗಿಕೊಂಡು ಹೊಲದ ಕಡೆ ನೆಗೆದರು. ಪದ್ಮಕ್ಕ ಹಿಮ್ಮುಖವಾಗಿ ನಡೆಯುತ್ತಿದ್ದಳು, ಎಳೆ ತಪ್ಪಬಾರದೆಂದು ತಲೆ ಎತ್ತಿರಲಿಲ್ಲ.

ಮಣ್ಣಿಗೆ ನಾನೂ ರಹಮತ್ತಣ್ಣನೂ ಹೋದೆವು. ಅಂಚಿನ ಮೇಲೆ ಗಂಜಿ ಚೆಲ್ಲಿ ಒಣಗಿತ್ತು, ಅದರ ವಾಸನೆ ಬಿಸಿಲಿಗೆ ಎದ್ದಿತ್ತು. ಆವತ್ತಿನಿಂದ ಅದು ನನ್ನ ಮೂಗು ಬಿಟ್ಟಿಲ್ಲ. ವೆಂಕಟಸ್ವಾಮಪ್ಪ ನನ್ನ ಕೈ ಹಿಡಿದುಕೊಂಡು, "ಇಷ್ಟು ದೂರ ಬಂದ್ರಾ ತಾಯಿ" ಎಂದರು. ಅಷ್ಟು ಜನರ ಮುಂದೆ ನನಗೆ ಏನೂ ಹೇಳಲಾಗಲಿಲ್ಲ. ಬಸ್ಸಿನಲ್ಲಿ ಕೂತು ಚಳ್ಳಕೆರೆ ಬರುವವರೆಗೂ ಅತ್ತೆ.

ಕಳೆದ ತಿಂಗಳು ಎರಡನೇ ಸುತ್ತಿನ ಕೆಲಸ ಶುರುವಾಯಿತು. ನಿಯಮದ ಪ್ರಕಾರ ಹಿಂದೆ ಎಣಿಸಿದ ಜಾಗದಲ್ಲೇ, ಹಿಂದಿನ ಹೊತ್ತಿಗೇ ಮತ್ತೆ ಎಣಿಸಬೇಕು. ರಹಮತ್ತಣ್ಣ ಈಗ ಕೆಲಸದಲ್ಲಿಲ್ಲ, ಸೊಂಟ ಪೂರ್ತಿ ಕೈಕೊಟ್ಟು ಮನೆಯಲ್ಲಿದ್ದಾರೆ. ಬೇರೆಯವರ ಕಾರಿನಲ್ಲಿ ಆರೂವರೆಗೆ ಆ ತಿರುವಿನಲ್ಲಿ ಇಳಿದೆ. ಹಂಪ್ ಇಲ್ಲ, ಫಲಕ ಇಲ್ಲ, ಏನೂ ಬದಲಾಗಿಲ್ಲ. ಅಂಚು ಖಾಲಿ. ಪದ್ಮಕ್ಕ ಹೋದ ಮೇಲೆ ಅಲ್ಲಿ ಯಾರೂ ಹಾಸು ಹಾಕುತ್ತಿಲ್ಲ, ಹೊರಗಿನಿಂದ ಸಿದ್ಧ ಹಾಸು ತರಿಸಿ ನೇಯುತ್ತಾರಂತೆ. ಒಂಬತ್ತು ಗಂಟೆಗೆ ಶಾಲೆಯ ಮಕ್ಕಳೆಲ್ಲ ಅದೇ ಜಾಗದಲ್ಲಿ ಅತ್ತಿತ್ತ ನೋಡಿಕೊಂಡು ಓಡಿ ದಾಟುತ್ತಾರೆ. ನನ್ನ ಎಣಿಕೆ ಮಾತ್ರ ಆರೂವರೆಗೆ.

ವೆಂಕಟಸ್ವಾಮಪ್ಪ ಜಗಲಿಯಿಂದಲೇ ಗುರುತು ಹಿಡಿದರು. ತುಂಬ ಇಳಿದುಹೋಗಿದ್ದರು. ಹತ್ತಿರ ಹೋಗಿ ಕಾಲಿಗೆ ನಮಸ್ಕಾರ ಮಾಡಿ, ಮೂರು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಲು ಶುರು ಮಾಡಿದೆ. "ಯಜಮಾನ್ರೆ, ಆ ಮಾರ್ಕ್ಸು..."

"ಗೊತ್ತಾಯ್ತು ತಾಯಿ" ಎಂದರು. "ಪದ್ಮ ಹೋದ ಮ್ಯಾಲೆ ಹಂಪ್ ಹಾಕಿಸ್ರಿ ಅಂತ ಅರ್ಜಿ ಕೊಟ್ವಿ. ಎರಡು ಸಲ. ನಿಮ್ ರೋಡಿಗೆ ನಾಕು ಸ್ಟಾರ್ ಐತೆ, ಪಟ್ಟಿನಾಗೆ ಬರಲ್ಲ ಅಂದ್ರು. ಕಮ್ಮಿ ಬಂದಿದ್ರೆ ಹಾಕ್ತಿದ್ವಿ ಅಂದ್ರು." ರಸ್ತೆಯ ಕಡೆ ಕೈ ತೋರಿಸಿದರು. "ಒಂದ್ ಮಾತು ಹೇಳ್ಬಾರ್ದಾಗಿತ್ತಾ? ಕಮ್ಮಿ ಬೇಕು ಅಂದಿದ್ರೆ ಅವತ್ತು ಊರಿಗೂರೇ ಬಂದು ರೋಡ್ ಮ್ಯಾಲೆ ನಿಲ್ತಿತ್ತು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ತಪ್ಪಾಯ್ತು" ಎಂದೆ, ಅಷ್ಟೇ.

"ಈಗೂ ಎಣಿಸಾಕೇ ಬಂದೀರಾ?"

ಹೌದೆಂದು ತಲೆಯಾಡಿಸಿದೆ.

"ಎಷ್ಟು ಹೊತ್ತು?"

"ಹದಿನೈದು ನಿಮಿಷ."

"ಒಬ್ನೇ ಎಷ್ಟು ಸಲ ಹೋದ್ರೂ ಲೆಕ್ಕ ಅಂತೆ? ನಿಮ್ಮ ಆ ಡ್ರೈವರ್ ಸಾಬ್ರು ಹೇಳಿದ್ರು, ಮಣ್ಣಿಗೆ ಬಂದಾಗ."

ನಾನು ಉತ್ತರ ಕೊಡುವ ಮೊದಲೇ ಅವರು ಗೋಡೆ ಹಿಡಿದು ಎದ್ದರು. ಚಪ್ಪಲಿ ಜಗಲಿಯ ಕೆಳಗೆ ಬಿಟ್ಟು ರಸ್ತೆಗೆ ಇಳಿದರು. ಬಿಳಿ ಗೆರೆಯ ಪಕ್ಕ, ಹಾಸು ಹಾಕುತ್ತಿದ್ದ ಜಾಗದ ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತು ಹೆಜ್ಜೆ ನಡೆದರು, ತಿರುಗಿ ಮತ್ತೆ ಇಪ್ಪತ್ತು. ಒಂದು ಲಾರಿ ಹಾರನ್ ಹೊಡೆದುಕೊಂಡು ಅವರನ್ನು ಸವರಿಕೊಂಡೇ ಹೋಯಿತು. "ಯಜಮಾನ್ರೆ, ಸಾಕು, ಈ ಕಡೆ ಬರ್ರಿ" ಎಂದು ಕೂಗಿದೆ.

"ಎಣಿಸ್ಕೊ ತಾಯಿ" ಎಂದರು.

ಡಬ್ಬಿ ಒತ್ತಿದೆ. ಒಂದು. ಎರಡು. ಮೂರು. ಒಂದು ಬಾಗಿಲು ತೆರೆಯಿತು, ಯಾರೋ ಹೆಂಗಸು ಹೊರಗೆ ಬಂದು ನೋಡಿದಳು, ಏನೂ ಕೇಳದೆ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ನಡೆಯತೊಡಗಿದಳು. ಹದಿನೈದು ನಿಮಿಷ ಮುಗಿದಿದ್ದು ನನಗೆ ಗೊತ್ತಾಯಿತು. ಅವರು ನಿಲ್ಲಲಿಲ್ಲ, ನಾನು ಒತ್ತುವುದನ್ನೂ ನಿಲ್ಲಿಸಲಿಲ್ಲ.